ಪ್ರಸಾದ ತಿಂದರೆ ತಿಂದ ಲೆಕ್ಕವಲ್ಲ

ನಾಯಿಗೂ ಕಿಡ್ನಿ ಡಾಕ್ಟರ್ ಇರುತ್ತಾರೆ ಎಂದು ಹೋದ ವರ್ಷ ಯಾರಾದರೂ ನನ್ನ ಮುಂದೆ ಹೇಳಿದ್ದರೆ, ನಿಮಗೆ ಬೇರೆ ಕೆಲಸ ಇಲ್ಲವೇನ್ರೀ ಎಂದು ಗದರಿ ಕಳಿಸುತ್ತಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಹಾಲಿನವರಿಂದ ಹಿಡಿದು ಗ್ಯಾಸಿನವರವರೆಗೂ ಅದು ಗೊತ್ತು. ಗೊತ್ತಿದ್ದೂ ಲೆಕ್ಕಕ್ಕೆ ಇಡದವಳು ಒಬ್ಬಳೇ, ನನ್ನ ಅಕ್ಕ. ಮನೆಯಲ್ಲಿ ಇರುವುದು ನಾವಿಬ್ಬರೇ. ಇಬ್ಬರಿಗೂ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ, ಅಷ್ಟೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್, ನಿವೃತ್ತಿಗೆ ಇನ್ನೆರಡು ವರ್ಷವಿದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದ ಅವಳ ಮಾತು ನಿಲ್ಲುವುದು ರಾತ್ರಿ ದೀಪ ಆರಿಸಿದ ಮೇಲೆಯೇ.

ಮೂರನೆಯವನು ನಾಯಿ. ಏಳು ವರ್ಷದ ಹಿಂದೆ ಚರಂಡಿಯ ಪಕ್ಕ ಕುಂಯ್‌ಗುಡುತ್ತಿದ್ದ ಕಂದು ಬಣ್ಣದ ಬೀದಿ ಮರಿಯನ್ನು ಅಕ್ಕ ಸೆರಗಿನಲ್ಲಿ ಸುತ್ತಿಕೊಂಡು ತಂದಳು. "ಇದನ್ನ ಹೊರಗೆ ಬಿಡು, ಇಲ್ದಿದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ" ಅಂದೆ. "ಬಾಗಿಲು ತೆಗೆದೇ ಇದೆ" ಅಂದಳು. ಹೆಸರಿಡುವ ಗೋಜಿಗೂ ಹೋಗದೆ ಮರಿ ಮರಿ ಎಂದು ಕರೆಯುತ್ತಾ ಅದೇ ಹೆಸರು ಉಳಿದುಹೋಯಿತು. ಈಗ ಅವನು ಹನ್ನೆರಡು ಕೆಜಿಯ ಗಂಡಾಳು, ಮಲಗುವುದು ನನ್ನ ಮಂಚದ ಕಾಲುಬದಿಯಲ್ಲಿ. ಹಾಗಂತ ನಾನೇನೂ ಕರೆದಿರಲಿಲ್ಲ.

ಅಕ್ಕ ಪ್ರತಿ ಹುಣ್ಣಿಮೆ ಸಂಜೆ ಸತ್ಯನಾರಾಯಣ ಪೂಜೆ ಮಾಡುತ್ತಾಳೆ. ಪುರೋಹಿತರನ್ನು ಕರೆಯುವುದಿಲ್ಲ, ಕಥೆಯನ್ನು ತಾನೇ ಪಾಠ ಓದಿದಂತೆ ಜೋರಾಗಿ ಓದುತ್ತಾಳೆ. ಪ್ರಸಾದಕ್ಕೆ ಸಪಾದ ಆಗಲೇಬೇಕು: ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು, ಮೇಲೆ ತುಪ್ಪದಲ್ಲಿ ಹುರಿದ ದ್ರಾಕ್ಷಿ, ಗೋಡಂಬಿ. ಅಕ್ಕನ ಕೈ ದ್ರಾಕ್ಷಿಯ ವಿಷಯದಲ್ಲಿ ತುಂಬಾ ಧಾರಾಳ. ಅವಳ ಸಪಾದದಲ್ಲಿ ರವೆಯನ್ನು ಹುಡುಕಿಕೊಂಡು ತಿನ್ನಬೇಕು. ಆ ಸಲ ಪೂಜೆಯ ಮರುದಿನ, ಗುರುವಾರ, ಒಂದು ದೊಡ್ಡ ಸ್ಟೀಲ್ ಡಬ್ಬಿ ತುಂಬ ಸಪಾದ ತುಂಬಿ ನನ್ನ ಬ್ಯಾಗಿನಲ್ಲಿಟ್ಟು, "ಆಫೀಸಲ್ಲಿ ಎಲ್ರಿಗೂ ಕೊಡು, ಮರೀಬೇಡ" ಅಂದಳು.

ಆಫೀಸಿನಲ್ಲಿ ಅಂದು ಅರ್ಧ ಜನ ರಜ. ಉಳಿದರ್ಧಕ್ಕೆ ಸಕ್ಕರೆ ಕಾಯಿಲೆ. ನನಗೂ ಇದೆ. ಇಬ್ಬರು ಕಣ್ಣಿಗೊತ್ತಿಕೊಂಡು ಚೂರು ಬಾಯಿಗೆ ಹಾಕಿಕೊಂಡರು. ಸಂಜೆ ಡಬ್ಬಿ ಹಾಗೆಯೇ ಮನೆಗೆ ವಾಪಸ್ ಬಂತು. ತುಂಬಿದ ಡಬ್ಬಿ ನೋಡಿದರೆ ಅಕ್ಕನ ಮುಖ ಬಾಡುತ್ತದೆ. ಕಸಕ್ಕೆ ಸುರಿಯುವುದೆಂದರೆ ನನಗೆ ಕೈಯೇ ಬರುವುದಿಲ್ಲ, ಪ್ರಸಾದವಲ್ಲವೇ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮರಿ ಬಾಲ ಅಲ್ಲಾಡಿಸುತ್ತ ನಿಂತಿದ್ದ. ಸುತ್ತ ನೋಡಿ, ಡಬ್ಬಿಯನ್ನು ಅವನ ಮುಂದೆ ಬೋರಲು ಹಾಕಿದೆ. ಎರಡೇ ನಿಮಿಷಕ್ಕೆ ಕಲ್ಲು ಫಳಫಳ. ಒಳಗೆ ಬಂದು, "ಕೇಳಿ ಕೇಳಿ ಹಾಕಿಸ್ಕೊಂಡ್ರು ಅಕ್ಕ" ಅಂದೆ. ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ಮುಂದಿನ ಹುಣ್ಣಿಮೆಗೆ ಎರಡು ಡಬ್ಬಿ ಕೊಡುತ್ತೇನೆ ಅಂದಳು.

ಶುಕ್ರವಾರ ಬೆಳಿಗ್ಗೆ ಮರಿ ವಾಂತಿ ಮಾಡಿದ. ನಮ್ಮ ಬಡಾವಣೆಯ ಪಶುವೈದ್ಯರು, ವಯಸ್ಸಾದವರು, ಹೊಟ್ಟೆ ಒತ್ತಿ ನೋಡಿ, ಏನು ತಿಂದ ಎಂದು ಕೇಳಿದರು. ಮೊಸರನ್ನ ಅಂದೆವು. ಬೇರೆ? ಬೇರೇನೂ ಇಲ್ಲ. ಇಲ್ಲಿ ನಾನು ಸುಳ್ಳು ಹೇಳಿದೆ ಎಂದು ನೀವು ತಿಳಿದರೆ ತಪ್ಪು. ಆಣೆ ಮಾಡಿ ಹೇಳುತ್ತೇನೆ, ನನಗೆ ಆ ಡಬ್ಬಿ ನೆನಪಿಗೇ ಬರಲಿಲ್ಲ. ನಮ್ಮ ಮನೆಯಲ್ಲಿ ಪ್ರಸಾದ ತಿಂದರೆ ಅದು ತಿಂದ ಲೆಕ್ಕವೇ ಅಲ್ಲ. ಉಪವಾಸದ ದಿನ ನೀರನ್ನೂ ಮುಟ್ಟದ ಅಕ್ಕ, ಗುಡಿಯಿಂದ ಬಂದ ಕೋಸಂಬರಿಯನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡು, ಇವತ್ತು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಹೇಳುವುದನ್ನು ಹುಟ್ಟಿದಾಗಿನಿಂದ ಕೇಳಿ ಬೆಳೆದವನು ನಾನು.

ವೈದ್ಯರು ವಾಂತಿ ನಿಲ್ಲಲು ಇಂಜೆಕ್ಷನ್ ಕೊಟ್ಟು, ನಾಳೆ ಬೆಳಿಗ್ಗೆ ತೋರಿಸಿ ಅಂದರು. ಶನಿವಾರ ಬೆಳಿಗ್ಗೆ ಮರಿ ಏಳಲಿಲ್ಲ. ನೀರು ಇಟ್ಟರೆ ಮುಖ ತಿರುಗಿಸಿದ. ಎತ್ತಿಕೊಂಡು ಹೋಗಿ ಮಲ್ಲಿಗೆ ಕುಂಡದ ಹತ್ತಿರ ನಿಲ್ಲಿಸಿದರೆ ಕಾಲೆತ್ತದೆ ಕುಸಿದ. ಅಷ್ಟು ಹೊತ್ತಿಗೆ ನನ್ನ ಪಿತ್ತ ನೆತ್ತಿಗೇರಿತ್ತು. ಎದುರುಮನೆಯವರು ಕಾಂಪೌಂಡಿನಲ್ಲಿ ಹೆಗ್ಗಣಕ್ಕೆ ಮದ್ದು ಇಡುವುದು ನೆನಪಾಯಿತು. ಗೇಟಿನ ಹತ್ತಿರ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. "ಮೂಕಪ್ರಾಣಿಗೆ ವಿಷ ಇಡ್ತೀರಲ್ರೀ, ನಿಮಗೆ ಒಳ್ಳೇದಾಗತ್ತಾ?" ಆ ಮನುಷ್ಯ ಟವೆಲ್ ಹೊದ್ದುಕೊಂಡು ಹೊರಗೆ ಬಂದು, "ಸರ್, ನಾವು ಮದ್ದು ಇಡೋದು ಬಿಟ್ಟು ಆರು ತಿಂಗಳಾಯ್ತು" ಅಂದರು. "ಸುಳ್ಳು" ಅಂದೆ.

ನಮ್ಮ ವೈದ್ಯರು ರಕ್ತ ತೆಗೆದು ಪರೀಕ್ಷೆ ಮಾಡಿಸಿದರು. ವರದಿ ಕೈಗೆ ಬಂದ ಮೇಲೆ ಕನ್ನಡಕ ತೆಗೆದಿಟ್ಟರು. "ಕಿಡ್ನಿ ಎರಡೂ ಕೆಲಸ ನಿಲ್ಲಿಸಿಬಿಟ್ಟಿವೆ. ಇದು ನನ್ನ ಕೈ ಮೀರಿದ್ದು. ದೊಡ್ಡಾಸ್ಪತ್ರೆಗೆ ಚೀಟಿ ಬರ್ದು ಕೊಡ್ತೀನಿ, ಅಲ್ಲಿ ಇದಕ್ಕೇ ಅಂತ ಓದಿರೋರು ಇದಾರೆ. ಈಗಲೇ ಹೊರಡಿ." ಅಕ್ಕ ನನ್ನ ಮುಖ ನೋಡಿದಳು. ನಮ್ಮ ತಂದೆ ಹೋದದ್ದೂ ಕಿಡ್ನಿಯಿಂದಲೇ. ನಾನಾಗ ಕಾಲೇಜಿನಲ್ಲಿದ್ದೆ. ಡಯಾಲಿಸಿಸ್ ಎಂಬ ಪದವನ್ನು ಡಾಕ್ಟರ ಬಾಯಲ್ಲಿ ಕೇಳಿದೆವು, ಆ ಮಿಷನ್ನನ್ನು ಕಣ್ಣಲ್ಲಿ ನೋಡುವ ಮೊದಲೇ ಅಪ್ಪ ಹೋಗಿಬಿಟ್ಟರು.

ಆಟೋದಲ್ಲಿ ಬಿನ್ನಿಪೇಟೆ ದಾಟುವಷ್ಟರಲ್ಲಿ ಮರಿಯ ತಲೆ ಅಕ್ಕನ ತೊಡೆಯ ಮೇಲೆ ಭಾರವಾಗಿ ಬಿದ್ದಿತ್ತು. ಬಿಡದೆ ಮಾತಾಡುವ ಅಕ್ಕ ಅವನ ಕಿವಿಯಲ್ಲಿ ಏನೋ ಸ್ತೋತ್ರ ಹೇಳುತ್ತಿದ್ದಳು. ನಾನು ಸಿಗ್ನಲ್ಲಿಗೆ, ಮುಂದಿನ ಟೆಂಪೋದವನಿಗೆ, ರಸ್ತೆಯ ಗುಂಡಿಗೆ ಬೈಯುತ್ತ ಕೂತಿದ್ದೆ. ಬೈಯದಿದ್ದರೆ ಅಳು ಬರುತ್ತಿತ್ತು.

ಆ ಆಸ್ಪತ್ರೆಯ ಒಳಗೆ ಕಾಲಿಟ್ಟವನು ಬಾಯಿ ಮುಚ್ಚಿದೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ಹೃದಯಕ್ಕೆ ಒಬ್ಬರು, ಕಣ್ಣಿಗೆ ಒಬ್ಬರು, ಮೂಳೆಗೆ, ಹಲ್ಲಿಗೆ, ನರಕ್ಕೆ ಒಬ್ಬೊಬ್ಬರು. ಬೆಂಚಿನ ಮೇಲೆ ಒಬ್ಬ ಹೆಂಗಸು ಮಡಿಲಲ್ಲಿ ಮೊಲ ಇಟ್ಟುಕೊಂಡಿದ್ದರು, ಅದಕ್ಕೆ ಹಲ್ಲಿನ ಡಾಕ್ಟರ್ ನೋಡಬೇಕಂತೆ. ಪಕ್ಕದಲ್ಲೊಂದು ಗಿಣಿ, ಅದರ ರೆಕ್ಕೆಗೆ ನನ್ನ ಕಿರುಬೆರಳಿನಷ್ಟು ಅಗಲದ ಬ್ಯಾಂಡೇಜು. ಅಬ್ಬಾ, ಆ ಬ್ಯಾಂಡೇಜನ್ನು ಎಷ್ಟು ನಾಜೂಕಾಗಿ ಸುತ್ತಿದ್ದರೆಂದರೆ ನಾನು ಬಗ್ಗಿ ನೋಡಿದೆ. ಚೀಟಿ ಕೊಟ್ಟು ಐದು ನಿಮಿಷವಾಗಿರಲಿಲ್ಲ, ಇಬ್ಬರು ಬಂದು ಮರಿಯನ್ನು ಎತ್ತಿಕೊಂಡು ಹೋದರು. ನಮ್ಮ ಕಚೇರಿಯಲ್ಲಿ ಕಡತವೊಂದು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ವಾರ ಹಿಡಿಯುತ್ತದೆ. ಅದನ್ನು ಹಾಗೆ ಹಿಡಿದಿಟ್ಟುಕೊಳ್ಳುವವರಲ್ಲಿ ನಾನೂ ಒಬ್ಬ, ನಾಚಿಕೆಯಾಯಿತು.

ಕಿಡ್ನಿಯ ಡಾಕ್ಟರ್ ಮೂವತ್ತೈದು ದಾಟದ ಹುಡುಗಿ. ಹುಡುಗಿ ಅನ್ನಬಾರದು, ಆದರೆ ನನಗೆ ಹಾಗೇ ಕಂಡಿದ್ದು. ಮೇಜಿನ ಆ ಕಡೆ ಕೂರದೆ ನೆಲದ ಮೇಲೆ ಮಂಡಿಯೂರಿ, ಮರಿಯ ತುಟಿ ಎತ್ತಿ ಒಸಡು ನೋಡಿದರು, ಮುಂಗಾಲಿಗೆ ಒಂದು ಪುಟ್ಟ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು. ನನಗೆ ನೋಡುತ್ತಾರಲ್ಲ, ಥೇಟ್ ಹಾಗೇ. ಆಮೇಲೆ ಅರೆಗತ್ತಲ ಕೋಣೆಯಲ್ಲಿ ಹೊಟ್ಟೆಯ ಸ್ಕ್ಯಾನ್. ಪರದೆಯ ಮೇಲೆ ಬೂದುಬಣ್ಣದ ಒಂದು ಸಣ್ಣ ಆಕಾರವನ್ನು ಬೆರಳಿಟ್ಟು ತೋರಿಸಿ, "ಇದೇ ಅವನ ಕಿಡ್ನಿ" ಅಂದರು. ನನ್ನ ಹೆಬ್ಬೆರಳಿನಷ್ಟೂ ಉದ್ದ ಇರಲಿಲ್ಲ. ಅಷ್ಟು ಸಣ್ಣದೊಂದು ಸುಮ್ಮನಾಗಿದ್ದಕ್ಕೆ ನಮ್ಮ ಮನೆಯೇ ಸುಮ್ಮನಾಗಿತ್ತು.

"ಕೊನೇ ಸಲ ಮೂತ್ರ ಮಾಡಿದ್ಯಾವಾಗ?"

"ನಿನ್ನೆ ಬೆಳಿಗ್ಗೆ" ಅಂದಳು ಅಕ್ಕ.

"ಏನಾದ್ರೂ ಬೇರೆ ತಿಂದಿದ್ನಾ?"

"ಮೊಸರನ್ನ ಅಷ್ಟೇ" ಅಂದೆ. "ಎದುರುಮನೆಯೋರು ಇಲಿಪಾಷಾಣ ಇಟ್ಟಿರ್ಬೇಕು ಡಾಕ್ಟ್ರೇ. ಅವ್ರ ಮೇಲೆ ಕಂಪ್ಲೇಂಟ್ ಕೊಡ್ತೀನಿ."

ಅವರು ತಲೆಯಾಡಿಸಿದರು. ಇದು ಇಲಿಪಾಷಾಣದ ಥರ ಕಾಣುತ್ತಿಲ್ಲ ಅಂದರು. ಸ್ವಲ್ಪ ಹೊತ್ತು ವರದಿಯನ್ನೇ ನೋಡಿ, ಅಕ್ಕನ ಹಣೆಯ ಕುಂಕುಮವನ್ನು, ಕೈಯಲ್ಲಿದ್ದ ಜಪಮಣಿಯನ್ನು ನೋಡಿ, ಬೇರೆಯೇ ಒಂದು ಪ್ರಶ್ನೆ ಕೇಳಿದರು. "ಅಮ್ಮ, ಈ ವಾರ ಮನೇಲಿ ಪೂಜೆ ಏನಾದ್ರೂ ಇತ್ತಾ?"

"ಹುಣ್ಣಿಮೆ ಪೂಜೆ ಇತ್ತಲ್ಲಮ್ಮ. ಯಾಕೆ?"

"ಪ್ರಸಾದ ಇವನಿಗೂ ಕೊಟ್ರಾ? ದ್ರಾಕ್ಷಿ ಹಾಕಿರೋದು?"

"ಇಲ್ಲ. ಒಂದೆರಡು ಚಮಚ ನಾವಿಬ್ರೂ ತಗೊಂಡ್ವಿ. ಉಳಿದಿದ್ದೆಲ್ಲಾ ನನ್ನ ತಮ್ಮ ಆಫೀಸಿಗೆ ತಗೊಂಡ್ಹೋದ. ಎಲ್ರೂ ಕೇಳಿ ಕೇಳಿ ಹಾಕಿಸ್ಕೊಂಡ್ರಂತೆ." ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು.

ಡಬ್ಬಿ, ಕಲ್ಲು, ಅವನು ನೆಕ್ಕಿದ ಸದ್ದು, ಎಲ್ಲವೂ ಒಮ್ಮೆಗೇ ನೆನಪಿಗೆ ಬಂತು. ಹೇಳದೆ ಇದ್ದುಬಿಡಲೇ ಅನ್ನಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹುಡುಗಿ ನನ್ನ ಉತ್ತರ ಬರೆದುಕೊಳ್ಳಲು ಪೆನ್ನು ಹಿಡಿದು ಕಾಯುತ್ತಿದ್ದರು.

"ಆಫೀಸಲ್ಲಿ ಯಾರೂ ತಿನ್ನಲಿಲ್ಲ" ಅಂದೆ. "ಬಿಸಾಕಕ್ಕಾಗಲಿಲ್ಲ. ಗುರುವಾರ ಸಂಜೆ ಡಬ್ಬಿ ಪೂರ್ತಿ ಇವನಿಗೆ ಹಾಕ್ಬಿಟ್ಟೆ."

ಡಾಕ್ಟರ್ ಬೈಯಲಿಲ್ಲ. ಒಣದ್ರಾಕ್ಷಿ ನಾಯಿಗೆ ಆಗುವುದಿಲ್ಲ, ಕೆಲವು ನಾಯಿಗಳಿಗೆ ಏನೂ ಆಗದೆ ಇರಬಹುದು, ಕೆಲವಕ್ಕೆ ಒಂದು ಹಿಡಿ ಸಾಕು ಕಿಡ್ನಿ ಕೆಡಲು, ಬಹಳ ಜನಕ್ಕೆ ಇದು ಗೊತ್ತಿರುವುದಿಲ್ಲ ಅಂದರು. "ತಿಂದಿದ್ದೇನು ಅಂತ ಕೇಳಿದ್ರೆ ಯಾರೂ ಪ್ರಸಾದ ಅಂತ ಹೇಳಲ್ಲ ಸರ್. ಅದಕ್ಕೇ ನಾನು ಪೂಜೆ ಇತ್ತಾ ಅಂತ ಕೇಳ್ತೀನಿ. ಹಬ್ಬ ಮುಗಿದ ವಾರದಲ್ಲಿ ತಪ್ಪದೆ ಕೇಳ್ತೀನಿ." ಎಷ್ಟೋ ವರ್ಷ ಪುಸ್ತಕ ಓದಿ ಕಲಿತ ವಿದ್ಯೆಯ ಜೊತೆಗೆ, ನಮ್ಮಂಥವರ ಅಡುಗೆಮನೆ, ದೇವರಮನೆಗಳೊಳಗೂ ಇಣುಕಿ ನೋಡಿ ಕಲಿತಿದ್ದಾರಲ್ಲ ಈಕೆ ಎಂದು ನನಗೆ ಕೈ ಮುಗಿಯುವಂತಾಯಿತು.

ಅಕ್ಕ ನನ್ನಿಂದ ಮುಖ ತಿರುಗಿಸಿ ಮರಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ಅದೇ ಮಧ್ಯಾಹ್ನ ಡಯಾಲಿಸಿಸ್ ಶುರುವಾಯಿತು. ಗಾಜಿನ ಈಚೆಯಿಂದ ನೋಡಬಹುದು ಅಂದರು. ಮರಿಯನ್ನು ಹಸಿರು ಕಂಬಳಿಯ ಮೇಲೆ ಮಲಗಿಸಿ, ಕುತ್ತಿಗೆಯ ಕೂದಲು ಬೋಳಿಸಿ, ಅಲ್ಲಿನ ರಕ್ತನಾಳಕ್ಕೆ ಕೊಳವೆ ಇಳಿಸಿದ್ದರು. ಒಂದರಲ್ಲಿ ಅವನ ರಕ್ತ ಹೊರಗೆ ಬರುತ್ತಿತ್ತು, ಇನ್ನೊಂದರಲ್ಲಿ ಒಳಗೆ ಹೋಗುತ್ತಿತ್ತು. ನಡುವೆ ನಮ್ಮ ಮನೆಯ ಲಟ್ಟಣಿಗೆಯಷ್ಟು ಉದ್ದದ ಒಂದು ಪಾರದರ್ಶಕ ಉರುಳೆ, ಅದರೊಳಗೆ ಕೂದಲಿಗಿಂತ ಸಣ್ಣ ಸಾವಿರಾರು ನಾಳಗಳಿವೆಯಂತೆ. ಆ ನಾಳಗಳ ಒಳಗೆ ನಮ್ಮ ಚರಂಡಿ ಪಕ್ಕದ ಮರಿಯ ರಕ್ತ ಹರಿದು, ತೊಳೆದುಕೊಂಡು, ತಿರುಗಿ ಅವನಿಗೇ ಸೇರುತ್ತಿತ್ತು. ಮಿಷನ್ ನೋಡಿಕೊಳ್ಳುತ್ತಿದ್ದ ಹೆಂಗಸು ಎಡಗೈಯನ್ನು ಅವನ ತಲೆಯ ಮೇಲಿಟ್ಟಿದ್ದರು. ಗಂಟೆಗಟ್ಟಲೆ ನಡೆಯಿತು ಅದು. ಬಲಗೈ ಗುಂಡಿ ಒತ್ತುತ್ತಿತ್ತು, ಬರೆಯುತ್ತಿತ್ತು, ಎಡಗೈ ಕದಲಲಿಲ್ಲ. ನಾನು ದೇವಸ್ಥಾನದಲ್ಲಿ ನಿಂತದ್ದಕ್ಕಿಂತ ಹೆಚ್ಚು ಹೊತ್ತು ಆ ಗಾಜಿನ ಮುಂದೆ ನಿಂತೆ. ಮನುಷ್ಯರು ಇಷ್ಟು ದೂರ ಬಂದಿದ್ದಾರಲ್ಲಪ್ಪಾ, ಒಂದು ಬೀದಿನಾಯಿಗಾಗಿ ಇಷ್ಟೆಲ್ಲ ಕಲಿತಿದ್ದಾರಲ್ಲ ಅನ್ನಿಸಿತು.

ಸಂಜೆ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದರು. "ಈ ಮಿಷನ್ ಕಿಡ್ನಿನ ರಿಪೇರಿ ಮಾಡಲ್ಲ. ಟೈಮ್ ಕೊಡತ್ತೆ ಅಷ್ಟೆ. ಎದ್ರೆ ಅವೇ ಏಳ್ಬೇಕು. ನಾವು ಕಾಯೋದು ಮೂತ್ರಕ್ಕೆ. ಒಂದ್ನಾಲ್ಕು ದಿನದೊಳಗೆ ಬಂತೋ, ಆಸೆ ಇಟ್ಕೋಬಹುದು. ಬರಲಿಲ್ಲ ಅಂದ್ರೆ..." ಅಕ್ಕ ಕೈ ಎತ್ತಿ ಸಾಕು ಎಂದು ಸನ್ನೆ ಮಾಡಿದಳು.

ಭಾನುವಾರ ಬೆಳಿಗ್ಗೆ ಎದುರುಮನೆಗೆ ಹೋದೆ. ಕ್ಷಮೆ ಕೇಳಿ ಅಭ್ಯಾಸವಿಲ್ಲದ ನಾಲಿಗೆ, ತೊದಲಿತು. "ನಿಮ್ಮ ತಪ್ಪಿರಲಿಲ್ಲ. ನನ್ದೇ." ಆ ಮನುಷ್ಯ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ನಾಲ್ಕು ಮಾತು ಅನ್ನಬಹುದಿತ್ತು. "ಬಿಡಿ ಸರ್. ಈಗ ಹೇಗಿದಾನೆ?" ಎಂದು ಕೇಳಿದರು. ಗೊತ್ತಿಲ್ಲ ಅಂದೆ.

ಮನೆಯಲ್ಲಿ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ತುಳಸಿಗೆ ನೀರು ಹಾಕುತ್ತ, "ಫಿಲ್ಟರಲ್ಲಿ ಡಿಕಾಕ್ಷನ್ ಇದೆ, ಬೇಕಾದೋರು ಬೆರೆಸ್ಕೊಳ್ಳಲಿ" ಎಂದು ತುಳಸಿಗೆ ಹೇಳಿದಳು. ತಟ್ಟೆಗೆ ಬಡಿಸಿ, ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋದಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಐವತ್ತೆಂಟು ವರ್ಷದಲ್ಲಿ ಆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ನಾಯಿ ಹೋದರೆ ಅಕ್ಕನೂ ಹೀಗೇ ಉಳಿದುಬಿಡುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು, ಆ ಹೆದರಿಕೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಒಂದೇ ಆಟೋದಲ್ಲಿ, ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತು ಆಸ್ಪತ್ರೆಗೆ ಹೋಗುತ್ತಿದ್ದೆವು. ಮರಿಯ ಮೂತ್ರದ ದಾರಿಗೆ ತೆಳುವಾದ ಒಂದು ಕೊಳವೆ ಹಾಕಿ, ಅದರ ತುದಿಗೆ ಗೆರೆ ಗೆರೆ ಅಳತೆಯಿರುವ ಚೀಲ ಕಟ್ಟಿದ್ದರು. ಗಂಟೆಗೊಮ್ಮೆ ಯಾರಾದರೂ ಬಂದು ಬಗ್ಗಿ ಚೀಲ ನೋಡಿ, ಹಲಗೆಗೆ ಸಿಕ್ಕಿಸಿದ ಹಾಳೆಯಲ್ಲಿ ಬರೆಯುವರು. ಭಾನುವಾರ ಪೂರ್ತಿ ಸೊನ್ನೆ. ಸೋಮವಾರ ಇನ್ನೊಮ್ಮೆ ಡಯಾಲಿಸಿಸ್ ಮಾಡಿದರು, ಮತ್ತೆ ಸೊನ್ನೆ. ಸೊನ್ನೆ ಬರೆಯುವಾಗಲೂ ಅವರು ವೇಳೆ ಹಾಕಿ, ಸಹಿ ಹಾಕಿ ಬರೆಯುತ್ತಿದ್ದರು. ಹುಲಿ ಸಿಂಹಕ್ಕಲ್ಲ, ರಾಜಮಹಾರಾಜರ ಕುದುರೆಗಲ್ಲ, ಹೆಸರೂ ಇಲ್ಲದ ನಮ್ಮ ಮರಿಗೆ ಅಷ್ಟು ಜನ ಓದಿದವರು ಒಂದು ಹನಿ ಉಚ್ಚೆಗಾಗಿ ಕಾಯುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಸಿಡುಕುವುದಕ್ಕೆ ಮನಸ್ಸೇ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತೂವರೆ ಇರಬೇಕು. ಅಕ್ಕ ಅವನ ಗೂಡಿನ ಮುಂದೆ ಸ್ಟೂಲ್ ಹಾಕಿಕೊಂಡು ಆ ಕೊಳವೆಯನ್ನೇ ನೋಡುತ್ತ ಕೂತಿದ್ದಳು. ನಾನು ಎರಡು ಮಾರು ದೂರದಲ್ಲಿ ಗೋಡೆಗೆ ಒರಗಿದ್ದೆ. ಮರಿ ಕಣ್ಣು ಬಿಟ್ಟು ಬಿಟ್ಟು ಮುಚ್ಚುತ್ತಿದ್ದ. ಇದ್ದಕ್ಕಿದ್ದಂತೆ ಅಕ್ಕ ಮುಂದಕ್ಕೆ ಬಾಗಿದಳು. ಕನ್ನಡಕ ಸರಿ ಮಾಡಿಕೊಂಡಳು. ಆಮೇಲೆ ಆ ಸದ್ದಿಲ್ಲದ ಕೋಣೆಯಲ್ಲಿ, ಶಾಲೆಯ ಮೈದಾನದ ಆ ಕೊನೆಗೂ ಕೇಳುವ ಗಂಟಲಲ್ಲಿ ಕೂಗಿದಳು.

"ಏ ಬಾರೋ ಇಲ್ಲಿ! ಉಚ್ಚೆ ಹೊಯ್ದ ಕಣೋ! ನೋಡೋ, ಉಚ್ಚೆ ಹೊಯ್ದ!"

ಹಳದಿ ಬಣ್ಣ ಕೊಳವೆಯೊಳಗೆ ನಿಧಾನವಾಗಿ ಜಾರುತ್ತಿತ್ತು. ಚೀಲದ ತಳದಲ್ಲಿ ಒಂದು ಹನಿ, ಅದರ ಹಿಂದೆ ಇನ್ನೊಂದು. ಡಾಕ್ಟರ್ ಓಡಿ ಬಂದು ಮಂಡಿಯೂರಿ ಕೂತು ನೋಡಿದರು. ಮಿಷನ್ನಿನ ಹೆಂಗಸು ಬಂದರು, ಪಕ್ಕದ ಬೆಕ್ಕಿಗೆ ಔಷಧಿ ಹಾಕುತ್ತಿದ್ದವರೂ ಬಂದರು. "ಕಿಡ್ನಿ ಏಳ್ತಿದೆ ಅಮ್ಮ" ಅಂದರು ಡಾಕ್ಟರ್. "ಇನ್ನೂ ದಾರಿ ದೂರ ಇದೆ. ಆದ್ರೆ ಏಳ್ತಿದೆ." ಅವರ ಕಣ್ಣೂ ಒದ್ದೆಯಾಗಿತ್ತು. ದಿನಕ್ಕೆಷ್ಟು ನಾಯಿ ಬೆಕ್ಕು ನೋಡುವವರಿಗೆ ಇನ್ನೂ ಹಾಗಾಗುತ್ತದೆ ಎನ್ನುವುದನ್ನು ನಂಬಲಿಕ್ಕೇ ಆಗಲಿಲ್ಲ.

ಎಲ್ಲರೂ ಅತ್ತ ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ಮೂರು ದಿನದ್ದು ಒಟ್ಟಿಗೇ ಬಂತು. ಬುದ್ಧಿ ಇದೆಯಾ, ಕತ್ತೆಗಾದಷ್ಟು ವಯಸ್ಸಾಯ್ತು, ಸುಳ್ಳು ಬೇರೆ ಹೇಳ್ತೀಯಾ, ಕೇಳಿ ಕೇಳಿ ಹಾಕಿಸ್ಕೊಂಡ್ರಂತೆ! ನಾನು ಕೈಕಟ್ಟಿ ನಿಂತು ಎಲ್ಲವನ್ನೂ ಬೈಸಿಕೊಂಡೆ. ನನ್ನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

"ಪ್ರಸಾದ ಯಾರೂ ತಿನ್ನಲಿಲ್ಲ ಅಂತ ಬಾಯ್ಬಿಟ್ಟು ಹೇಳಕ್ಕೆ ನಿಂಗೇನಾಗಿತ್ತೋ ಧಾಡಿ?"

"ನಿಂಗೆ ಬೇಜಾರಾಗತ್ತೆ ಅಂತ ಅಕ್ಕ."

ಬೈಗುಳ ಅಲ್ಲಿಗೇ ನಿಂತಿತು. ಸೆರಗಿನ ತುದಿಯಿಂದ ಮೊದಲು ತನ್ನ ಮುಖ ಒರೆಸಿಕೊಂಡಳು, ಆಮೇಲೆ ಚಿಕ್ಕವನಿದ್ದಾಗ ಒರೆಸುತ್ತಿದ್ದಂತೆ ಒರಟಾಗಿ ನನ್ನದನ್ನೂ ಒರೆಸಿದಳು.

"ಅಷ್ಟು ಹೆದರ್ತೀಯೇನೋ ನಂಗೆ, ಇಷ್ಟು ವಯಸ್ಸಾದ್ರೂ?"

ಹೂಂ ಅಂದೆ.

ಅಕ್ಕ ಸ್ಟೂಲಿನ ಮೇಲೆ ಸ್ವಲ್ಪ ಸರಿದು, ಅರ್ಧ ಜಾಗ ಬಿಟ್ಟು ಕೊಟ್ಟಳು.